ಕೃತ, ಕಾರಿತ, ಅನುಮೋದಿತ: ಒಬ್ಬ ಗ್ರೀಕ್ ಆಟಗಾರನ ನೆಪದಲ್ಲಿ

ಜಪಮಾಲೆಯಲ್ಲಿ 108 ಮಣಿಗಳು ಏಕೆ ಎಂದು ಮಕ್ಕಳು ಕೇಳಿದರೆ ನಮ್ಮ ಹಿರಿಯರು ಬೆರಳು ಮಡಿಸಿ ಒಂದು ಲೆಕ್ಕ ಹೇಳುತ್ತಿದ್ದರು. ಕಾರ್ಯವೊಂದಕ್ಕೆ ಮನಸ್ಸು ಮಾಡುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಅದರಲ್ಲಿ ತೊಡಗುವುದು ಆರಂಭ, ಇವು ಮೂರು. ಮನ, ವಚನ, ಕಾಯಗಳು ಮೂರು. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದವರನ್ನು ಕಂಡು ಒಪ್ಪಿದ್ದು ಅನುಮೋದಿತ, ಇವೂ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಇವನ್ನು ಒಂದರಿಂದೊಂದು ಗುಣಿಸಿದರೆ 108. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವವನ್ನು ವಿವರಿಸುವಾಗ ಹೇಳಿರುವ ವಿಭಾಗವಿದು. ಕರ್ಮವು ಜೀವದ ಕಡೆಗೆ ಹರಿದು ಬರುವ ಬಾಗಿಲುಗಳು ಇವು. ಒಂದೊಂದು ಮಣಿ ಸರಿದಾಗ ಒಂದೊಂದು ಬಾಗಿಲ ಕಡೆಗೆ ಗಮನ ಹರಿಯಲಿ ಎಂಬುದು ಆ ಲೆಕ್ಕದ ತಾತ್ಪರ್ಯ.

ಈ ಲೆಕ್ಕದಲ್ಲಿ ನಮಗೆ ಅತ್ಯಂತ ಅನನುಕೂಲವಾದುದು ಕೃತ, ಕಾರಿತ, ಅನುಮೋದಿತಗಳ ಮೂವರ ಗುಂಪು. ತಾನು ಮಾಡಿದ್ದರ ಹೊಣೆಯನ್ನು ಹೇಗೋ ಒಪ್ಪಿಕೊಳ್ಳಬಹುದು. ಆದರೆ ಮಾಡಿಸಿದ್ದು, ಸುಮ್ಮನೆ ಕುಳಿತು ತಲೆಯಾಡಿಸಿದ್ದು ಇವೂ ಅದೇ ಸಾಲಿನಲ್ಲಿ ನಿಲ್ಲುತ್ತವೆ ಎಂಬುದನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಇದರ ಮತ್ತೊಂದು ಮುಖವೂ ಇದೆ. ಒಳಿತಿನ ವಿಷಯಕ್ಕೆ ಬಂದಾಗ ನಾವು ಮಾಡಿದವನಿಗಿಂತ ಮುಂದೆ ನಿಂತು ಮಾಲೆ ಹಾಕಿಸಿಕೊಳ್ಳಲು ಹಿಂಜರಿಯುವುದಿಲ್ಲ!

ಈ ಮೂರು ಸ್ಥಿತಿಗಳನ್ನೂ ಒಂದೇ ಬಾಳಿನಲ್ಲಿ, ಎಲ್ಲರ ಕಣ್ಣೆದುರಿಗೆ ಹಾದುಹೋದವರೊಬ್ಬರ ವೃತ್ತಾಂತ ನನ್ನನ್ನು ಕೆಲವು ಕಾಲದಿಂದ ಚಿಂತನೆಗೆ ಹಚ್ಚಿದೆ. ಅವರು ಜೈನರಲ್ಲ, ಭಾರತೀಯರೂ ಅಲ್ಲ. ಗ್ರೀಸ್ ದೇಶದ ಫುಟ್‌ಬಾಲ್ ಆಟಗಾರ, ನಿಕೋಸ್ ಡಬೀಜಾಸ್. ಧರ್ಮವಿಚಾರದ ಪತ್ರಿಕೆಯಲ್ಲಿ ಕಾಲ್ಚೆಂಡಿನ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪಂದ್ಯವೆಂದರೆ ರಾಗದ್ವೇಷಗಳ ಕುದಿಪಾತ್ರೆ. ಗೆದ್ದವನ ಮಾನ, ಸೋತವನ ಕ್ರೋಧ, ಹಣದ ಲೋಭ ಎಲ್ಲವೂ ಅಲ್ಲಿ ಉಂಟು. ಅದನ್ನು ನೋಡುತ್ತ ಇರುಳು ಕಳೆಯುವುದನ್ನು ಅನರ್ಥದಂಡವೆಂದು ಕರೆದರೂ ನಾನು ವಾದಿಸುವುದಿಲ್ಲ. ಆದರೆ ಮನುಷ್ಯನ ನಡತೆಯನ್ನು ಅರಿಯಲು ಅವನು ದುಡಿಯುವ ಕ್ಷೇತ್ರಕ್ಕೇ ಹೋಗಬೇಕಲ್ಲವೇ?

ಡಬೀಜಾಸ್ ಹುಟ್ಟಿದ್ದು 1973ರಲ್ಲಿ, ಉತ್ತರ ಗ್ರೀಸಿನಲ್ಲಿ. ವೆರಿಯಾ ಪಟ್ಟಣದ ಒಂದು ಸಣ್ಣ ತಂಡದಿಂದ 1994ರಲ್ಲಿ ಪಿರೇಯಸ್ ಬಂದರಿನ ಪ್ರಸಿದ್ಧ ಒಲಿಂಪಿಯಾಕೋಸ್ ಸೇರಿದರು. 1998ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಯುನೈಟೆಡ್ ಅವರನ್ನು ಕರೆಸಿಕೊಂಡಿತು. ಆರು ವರ್ಷಗಳಿಗೆ ಹತ್ತಿರ ಅಲ್ಲಿದ್ದರು. ಅವರ ಸ್ಥಾನ ರಕ್ಷಣಾ ಸಾಲಿನ ನಡುಭಾಗ. ಎದುರಾಳಿಯ ಮುನ್ನುಗ್ಗುವ ಆಟಗಾರರನ್ನು ತಡೆಯುವುದೇ ಅವರ ಕೆಲಸ.

ಈ ತಡೆಯುವ ಕೆಲಸದ ಸ್ವರೂಪ ವಿಚಿತ್ರವಾದುದು. ಗೋಲು ಹೊಡೆದವನ ಕೆಲಸ ಲೆಕ್ಕಕ್ಕೆ ಸಿಗುತ್ತದೆ. ಫಲಕದ ಮೇಲೆ ಅಂಕಿಯಾಗಿ ನಿಲ್ಲುತ್ತದೆ. ತಡೆದವನ ಕೆಲಸದ ಫಲವೆಂದರೆ ಒಂದು ಅಭಾವ, ಆಗದೆ ಹೋದ ಒಂದು ಸಂಗತಿ. ಆಗದ್ದನ್ನು ಯಾರು ಎಣಿಸುತ್ತಾರೆ? ಅದರಲ್ಲೂ ಉತ್ತಮನಾದ ರಕ್ಷಕ ಕೊನೆಯ ಗಳಿಗೆಯಲ್ಲಿ ಹಾರಿ ಬಿದ್ದು ಚೆಂಡನ್ನು ತಡೆಯುವವನಲ್ಲ. ಎದುರಾಳಿಗೆ ಚೆಂಡು ಬರಬಹುದಾದ ಜಾಗದಲ್ಲಿ ಮುಂಚೆಯೇ ನಿಂತು, ಆ ಚೆಂಡು ಇತ್ತ ಬಾರದಂತೆ ಮಾಡುವವನು. ನೋಡುವವರಿಗೆ ಅಲ್ಲಿ ಏನೂ ನಡೆಯಲಿಲ್ಲ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ಮಾತು ಸಂವರ. ದೋಣಿಯ ರಂಧ್ರದಿಂದ ಒಳನುಗ್ಗುವ ನೀರನ್ನು ಮೊಗೆದು ಹೊರಗೆ ಚೆಲ್ಲುವುದು ನಿರ್ಜರೆಯಾದರೆ, ರಂಧ್ರವನ್ನು ಮುಚ್ಚುವುದು ಸಂವರ. ನೀರು ಮೊಗೆಯುವವನ ಬೆವರು ಕಾಣುತ್ತದೆ. ರಂಧ್ರ ಮುಚ್ಚಿದವನು ಅದರ ಮೇಲೆ ಅಂಗೈಯಿಟ್ಟು ಸುಮ್ಮನೆ ಕುಳಿತಂತೆ ತೋರುತ್ತಾನೆ. ಆಟದ ಸಂವರಕ್ಕೂ ಆತ್ಮದ ಸಂವರಕ್ಕೂ ಇರುವ ಅಂತರ ನನಗೆ ತಿಳಿಯದುದೇನಲ್ಲ. ಸಾಮ್ಯ ಇರುವುದು ಕಾಣದಿರುವಿಕೆಯಲ್ಲಿ ಮಾತ್ರ.

ನ್ಯೂಕಾಸಲ್ ತಂಡ 1998 ಮತ್ತು 1999ರಲ್ಲಿ ಸತತವಾಗಿ ಎಫ್.ಎ. ಕಪ್ ಅಂತಿಮ ಪಂದ್ಯ ತಲುಪಿ ಎರಡರಲ್ಲೂ ಸೋತಿತು. ಮೊದಲನೆಯದು ಆರ್ಸೆನಲ್ ಎದುರು, ಎರಡನೆಯದು ಮ್ಯಾಂಚೆಸ್ಟರ್ ಯುನೈಟೆಡ್ ಎದುರು, ಎರಡೂ 2-0. ಡಬೀಜಾಸ್ ಎರಡರಲ್ಲೂ ಆಡಿದರು. ಮೊದಲ ಪಂದ್ಯದಲ್ಲಿ ತಂಡ ಒಂದೇ ಗೋಲಿನಿಂದ ಹಿಂದಿದ್ದಾಗ ಅವರು ತಲೆಯಿಂದ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಒಂದು ಗೇಣು ಕೆಳಗೆ ಹೋಗಿದ್ದರೆ ಎಂದು ಎಷ್ಟು ಮಂದಿ ಹಳಹಳಿಸಿದರೋ! ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ಅಲಾಭವೂ ಒಂದು ಎಂಬುದು ವಾಚಕರಿಗೆ ತಿಳಿದೇ ಇದೆ. ಆಹಾರಕ್ಕೆ ಹೊರಟು ದೊರೆಯದೆ ಹಿಂದಿರುಗಿದಾಗ, ದೊರೆತ ದಿನದಂತೆಯೇ ಸಮಚಿತ್ತರಾಗಿರುವುದು ಅದರ ಲಕ್ಷಣ. ಆಟಗಾರನಿಗೆ ಆ ಎತ್ತರದ ಸಮತೆಯನ್ನು ನಾವು ಆರೋಪಿಸಬೇಕಾಗಿಲ್ಲ. ಆದರೂ ಮರುವಾರ ಮತ್ತೆ ಅದೇ ಸ್ಥಾನಕ್ಕೆ ಹೋಗಿ ನಿಲ್ಲುವುದರಲ್ಲಿ ಅದರ ಒಂದು ಅಣುವಾದರೂ ಇರಬೇಕು.

ಇನ್ನು ಅವರ ಹೆಸರನ್ನು ಲೋಕ ಹೆಚ್ಚಾಗಿ ನೆನೆಯುವ ಸಂದರ್ಭಕ್ಕೆ ಬರುತ್ತೇನೆ. 2002ರ ಫೆಬ್ರವರಿ 24ರಂದು ನ್ಯೂಕಾಸಲ್ ತನ್ನ ನೆರೆಯ ಸಂಡರ್‌ಲೆಂಡ್ ತಂಡವನ್ನು ಅದರ ಅಂಗಳದಲ್ಲೇ 1-0ಯಿಂದ ಸೋಲಿಸಿತು. ಈ ಎರಡು ಊರುಗಳ ಪೈಪೋಟಿ ತಲೆಮಾರುಗಳದ್ದು. ಆ ಒಂದು ಗೋಲು ಹೊಡೆದವರು ರಕ್ಷಣಾ ಆಟಗಾರ ಡಬೀಜಾಸ್. ಆರು ದಿನಗಳ ನಂತರ, ಮಾರ್ಚ್ 2ರಂದು, ನ್ಯೂಕಾಸಲ್‌ನಲ್ಲೇ ಆರ್ಸೆನಲ್ ಜೊತೆ ಪಂದ್ಯ. ಹನ್ನೊಂದನೆಯ ನಿಮಿಷದಲ್ಲಿ ಹಾಲೆಂಡಿನ ಡೆನಿಸ್ ಬರ್ಗ್‌ಕ್ಯಾಂಪ್ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾಗ ಚೆಂಡು ಅವರತ್ತ ಬಂತು. ಅವರು ಅದನ್ನು ಒಂದು ಬದಿಗೆ ಲಘುವಾಗಿ ಮುಟ್ಟಿ, ತಾವು ಇನ್ನೊಂದು ಬದಿಯಿಂದ ತಿರುಗಿ, ನಡುವೆ ನಿಂತಿದ್ದ ಡಬೀಜಾಸ್ ಅವರನ್ನು ಸುತ್ತಿ ಹೋಗಿ ಗೋಲು ಹೊಡೆದರು. ಫುಟ್‌ಬಾಲ್ ಬಲ್ಲವರು ಆ ಗೋಲನ್ನು ಇಂದಿಗೂ ಶ್ರೇಷ್ಠವಾದವುಗಳ ಸಾಲಿನಲ್ಲಿ ಎಣಿಸುತ್ತಾರೆ. ಬರ್ಗ್‌ಕ್ಯಾಂಪ್ ಬೇಕೆಂದೇ ಹಾಗೆ ಮಾಡಿದರೋ, ಚೆಂಡು ತಾನಾಗಿ ಹಾಗೆ ಹೊರಳಿತೋ ಎಂಬ ಚರ್ಚೆಯೂ ಬಹುಕಾಲ ನಡೆಯಿತು. ಆ ಚಿತ್ರವನ್ನು ತೋರಿಸಿದಾಗಲೆಲ್ಲ ಡಬೀಜಾಸ್ ಕೂಡ ಅದರಲ್ಲಿ ಕಾಣುತ್ತಾರೆ: ದಿಕ್ಕು ತೋರದೆ ತಿರುಗುತ್ತಿರುವ ಮನುಷ್ಯನಾಗಿ.

ಅವರು ಅಲ್ಲಿ ತಪ್ಪು ಮಾಡಿದರೇ? ಬೆನ್ನು ಹಾಕಿ ನಿಂತ ಎದುರಾಳಿಗೆ ಒತ್ತಿಕೊಂಡು ನಿಲ್ಲಬೇಕು, ತಿರುಗಲು ಎಡೆ ಕೊಡಬಾರದು ಎಂಬುದು ಆ ವೃತ್ತಿಯ ಪಾಠ. ಡಬೀಜಾಸ್ ಒತ್ತಿಕೊಂಡೇ ನಿಂತಿದ್ದರು. ಆ ಒತ್ತಾಸೆಯೇ ಬರ್ಗ್‌ಕ್ಯಾಂಪ್ ತಿರುಗಲು ಕೀಲಾಯಿತು. ಒಂದೆರಡು ಮಾರು ದೂರದಲ್ಲಿ ಅಲಕ್ಷ್ಯದಿಂದ ನಿಂತಿದ್ದ ಸಾಮಾನ್ಯ ಆಟಗಾರನನ್ನು ಆ ರೀತಿ ಸುತ್ತಿ ಹೋಗಲು ಸಾಧ್ಯವಾಗುತ್ತಲೇ ಇರಲಿಲ್ಲ. ಒಂದು ನಯದಿಂದ ನೋಡಿದರೆ ಅದು ಸೌಂದರ್ಯ, ಇನ್ನೊಂದರಿಂದ ಸೋಲು, ಮತ್ತೊಂದರಿಂದ ಕರ್ತವ್ಯಪಾಲನೆ. ಒಂದೇ ನಯವನ್ನು ಹಿಡಿದು ಉಳಿದುವನ್ನು ಅಲ್ಲಗಳೆಯುವುದು ದುರ್ನಯ ಎಂದು ಅನೇಕಾಂತವನ್ನು ಓದಿದ ನಾವು, ಮನುಷ್ಯರ ನೂರಾರು ದಿನಗಳ ನಿಷ್ಠೆಯನ್ನು ಒಂದು ಕ್ಷಣದ ಚಿತ್ರದಿಂದ ಅಳೆಯುವಾಗ ಅದನ್ನು ಮರೆಯುತ್ತೇವೆ. 22 ಪರೀಷಹಗಳಲ್ಲಿ ಸತ್ಕಾರ-ಪುರಸ್ಕಾರ ಎಂಬುದೂ ಒಂದಾಗಿರುವುದು ನನಗೆ ಯಾವಾಗಲೂ ಸೋಜಿಗ. ಹಸಿವು, ಬಾಯಾರಿಕೆ, ಚಳಿ, ಸೊಳ್ಳೆಕಡಿತಗಳ ಜೊತೆಗೆ ಮನ್ನಣೆ ದೊರೆಯದಿರುವುದನ್ನೂ ದೊರೆತಾಗ ಉಬ್ಬದಿರುವುದನ್ನೂ ಪೂರ್ವಾಚಾರ್ಯರು ಪಟ್ಟಿಗೆ ಸೇರಿಸಿದ್ದಾರೆ. ಆರೇ ದಿನಗಳ ಅಂತರದಲ್ಲಿ ಎರಡೂ ಬಂದರೆ ಯಾವುದನ್ನು ಸಹಿಸುವುದು ಹೆಚ್ಚು ಕಷ್ಟ?

ಇದುವರೆಗಿನದು ಕೃತದ ಅಧ್ಯಾಯ.

ಅನುಮೋದಿತದ್ದು 2004ರ ಬೇಸಿಗೆ. ಆ ವರ್ಷ ಪೋರ್ಚುಗಲ್‌ನಲ್ಲಿ ನಡೆದ ಯುರೋಪಿನ ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಗ್ರೀಸ್ ಗೆದ್ದದ್ದು ಲೋಕಕ್ಕೆಲ್ಲ ಅಚ್ಚರಿ ತಂದಿತು. ಜರ್ಮನಿಯ ಓಟೋ ರೆಹಾಗೆಲ್ ಅವರ ತರಬೇತಿಯಲ್ಲಿ ಆ ತಂಡ ಗೆದ್ದದ್ದು ಬಹುಮಟ್ಟಿಗೆ ತಡೆಯುವ ಕಲೆಯಿಂದ. ಪಂದ್ಯಾವಳಿಗೆ ಅರ್ಹತೆ ಪಡೆಯುವ ಸುತ್ತಿನಲ್ಲಿ ಮೊದಲ ಎರಡು ಪಂದ್ಯಗಳನ್ನು ಸೋತ ಮೇಲೆ ಉಳಿದ ಆರನ್ನೂ ಒಂದೇ ಒಂದು ಗೋಲು ಬಿಟ್ಟುಕೊಡದೆ ಗೆದ್ದಿತು. ಮುಂದೆ ಪೋರ್ಚುಗಲ್‌ನಲ್ಲಿ ಫ್ರಾನ್ಸ್, ಚೆಕ್ ಗಣರಾಜ್ಯ, ಕೊನೆಗೆ ಜುಲೈ 4ರಂದು ಲಿಸ್ಬನ್‌ನಲ್ಲಿ ಆತಿಥೇಯ ಪೋರ್ಚುಗಲ್. ಮೂರು ಪಂದ್ಯಗಳನ್ನೂ 1-0ಯಿಂದಲೇ ಗೆದ್ದಿತು. ರಕ್ಷಣಾ ಆಟಗಾರರ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. 1994ರಿಂದ ದೇಶಕ್ಕಾಗಿ ಆಡುತ್ತ, ಒಟ್ಟು 70 ಪಂದ್ಯಗಳನ್ನು ಆಡಿದ ಡಬೀಜಾಸ್ ಆ 23 ಜನರ ತಂಡದಲ್ಲಿದ್ದರು. ಅವರ ಅಂಗಿಯ ಸಂಖ್ಯೆ 4. ಆದರೆ ಆ ಪಂದ್ಯಾವಳಿಯಲ್ಲಿ ಅವರು ಒಂದು ನಿಮಿಷವೂ ಕಣಕ್ಕಿಳಿಯಲಿಲ್ಲ. ಅವರ ಸ್ಥಾನದಲ್ಲಿ ಡೆಲ್ಲಾಸ್ ಮತ್ತು ಕಾಪ್ಸಿಸ್ ನಿಂತರು. ಚೆಕ್ ತಂಡದ ವಿರುದ್ಧ ನಿರ್ಣಾಯಕ ಗೋಲು ಹೊಡೆದವರೂ ಡೆಲ್ಲಾಸ್ ಅವರೇ.

ಆಡದವನಿಗೆ ಆ ಗೆಲುವು ಸಲ್ಲುತ್ತದೆಯೇ? ಲೌಕಿಕ ನ್ಯಾಯ ಇಲ್ಲಿ ತಡವರಿಸುತ್ತದೆ. ಸಲ್ಲುತ್ತದೆ ಎಂದರೆ ದುಡಿದವರಿಗೆ ಅನ್ಯಾಯ. ಸಲ್ಲದು ಎಂದರೆ ಹತ್ತು ವರ್ಷ ಆ ತಂಡವನ್ನು ಹೊತ್ತವರಿಗೆ ಅನ್ಯಾಯ. ಪಂಪನ ಆದಿಪುರಾಣದ ಒಂದು ಸನ್ನಿವೇಶ ಇಲ್ಲಿ ನನ್ನ ನೆರವಿಗೆ ಬರುತ್ತದೆ. ವಜ್ರಜಂಘನೂ ಶ್ರೀಮತಿಯೂ ಅರಣ್ಯದಲ್ಲಿ ಚಾರಣ ಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಹುಲಿ, ಹಂದಿ, ಕಪಿ, ಮುಂಗುಸಿ ಈ ನಾಲ್ಕು ಪ್ರಾಣಿಗಳು ದೂರದಲ್ಲಿ ನಿಂತು ಅದನ್ನು ಕಂಡು ಮನಸಾರೆ ಮೆಚ್ಚುತ್ತವೆ. ಅವು ಕೊಟ್ಟದ್ದು ಏನೂ ಇಲ್ಲ. ಕೊಡಲು ಅವುಗಳ ಬಳಿ ಏನೂ ಇರಲಿಲ್ಲ. ಆ ಅನುಮೋದನೆಯ ಫಲವಾಗಿ ದಾನ ಮಾಡಿದವರ ಜೊತೆಗೇ ಅವೂ ಭೋಗಭೂಮಿಯಲ್ಲಿ ಜನಿಸಿದವು. ಮುಂದಿನ ಭವಗಳಲ್ಲೂ ಆ ನಂಟು ಹರಿಯಲಿಲ್ಲ.

ಗಮನಿಸಬೇಕಾದುದು ಇದು: ಆ ಪ್ರಾಣಿಗಳ ಮನಸ್ಸಿನಲ್ಲಿ ಮತ್ಸರವಿರಲಿಲ್ಲ. ಅನುಮೋದನೆ ಎಂದರೆ ಹತ್ತಿರದಲ್ಲಿ ನಿಂತಿರುವುದಲ್ಲ. ಲಿಸ್ಬನ್‌ನ ಆ ಸಂಜೆ ಮೈದಾನದ ಅಂಚಿನಲ್ಲಿ ಕುಳಿತಿದ್ದವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾವು ಕೇವಲಜ್ಞಾನಿಗಳಲ್ಲ. ತನ್ನ ಜಾಗದಲ್ಲಿ ನಿಂತವನು ಎಡವಲಿ ಎಂಬ ಬಯಕೆ ಒಂದು ಕ್ಷಣವಾದರೂ ಸುಳಿದಿದ್ದರೆ ಕೊರಳಿನ ಪದಕ ಕೇವಲ ಲೋಹ. ಅವನು ನಿಲ್ಲಲಿ, ಗೆಲ್ಲಲಿ ಎಂದು ನಿಜವಾಗಿ ಬಯಸಿದ್ದರೆ, ಆ ಗೆಲುವಿನಲ್ಲಿ ಅವರ ಪಾಲನ್ನು ಯಾವ ಅಂಕಿಅಂಶವೂ ಕಡಿಮೆ ಮಾಡಲಾರದು. ನಮ್ಮ ದರ್ಶನ ಆಟದ ನಿಮಿಷಗಳನ್ನು ಎಣಿಸುವುದಿಲ್ಲ, ಭಾವವನ್ನು ಕೇಳುತ್ತದೆ. ಇದು ಸಮಾಧಾನದ ಮಾತೆಂದು ಕೆಲವರು ತಿಳಿದಾರು. ನನಗೆ ಇದು ಕಠಿಣವಾದ ಮಾತಾಗಿಯೇ ಕಾಣುತ್ತದೆ, ಏಕೆಂದರೆ ಭಾವಕ್ಕೆ ಸಾಕ್ಷಿ ತಾನೊಬ್ಬನೇ.

ಪದಕದ ಮರುವರ್ಷ, ಅಂದರೆ 2005ರಲ್ಲಿ, ಅವರು ಥೆಸಲಿಯ ಬಯಲಿನ ಲಾರಿಸಾ ನಗರದ ತಂಡಕ್ಕೆ ಬಂದರು. ರಾಜಧಾನಿಯ ದೊಡ್ಡ ತಂಡಗಳ ಮುಂದೆ ಅದು ಚಿಕ್ಕದು. 2007ರ ಮೇ ತಿಂಗಳಲ್ಲಿ ಆ ತಂಡ ಗ್ರೀಕ್ ಕಪ್ ಅಂತಿಮ ಪಂದ್ಯದಲ್ಲಿ ಅಥೆನ್ಸಿನ ಪನಾಥಿನೈಕೋಸ್ ತಂಡವನ್ನು 2-1ರಿಂದ ಸೋಲಿಸಿತು. ಕಾಲದ ಚಮತ್ಕಾರ ನೋಡಿ: ಯುವಕನಾಗಿದ್ದಾಗ ಡಬೀಜಾಸ್ ಆಡಿದ ಒಲಿಂಪಿಯಾಕೋಸ್ ತಂಡಕ್ಕೆ ಬದ್ಧ ಎದುರಾಳಿ ಇದೇ ಪನಾಥಿನೈಕೋಸ್. ಆಟ ಬಿಟ್ಟ ಮೇಲೆ ಅವರು ತಾಂತ್ರಿಕ ನಿರ್ದೇಶಕರಾಗಿ ಆಡಳಿತದ ಕುರ್ಚಿಯಲ್ಲಿ ಕುಳಿತದ್ದೂ ಇದೇ ಪನಾಥಿನೈಕೋಸ್‌ನಲ್ಲಿ.

ಇಲ್ಲಿಂದ ಕಾರಿತ ಆರಂಭವಾಗುತ್ತದೆ. ತಾಂತ್ರಿಕ ನಿರ್ದೇಶಕನೆಂದರೆ ಯಾವ ಆಟಗಾರರನ್ನು ತರಬೇಕು, ಯಾರನ್ನು ಬಿಡಬೇಕು, ಇರುವ ಹಣದಲ್ಲಿ ತಂಡವನ್ನು ಹೇಗೆ ಕಟ್ಟಬೇಕು ಎಂಬುದನ್ನು ನೋಡಿಕೊಳ್ಳುವವನು. ತಾನು ಚೆಂಡನ್ನು ಮುಟ್ಟುವಂತಿಲ್ಲ. ಆದರೆ ಯಾರ ಕಾಲಿಗೆ ಚೆಂಡು ಸಿಗಬೇಕೆಂಬುದು ಅವನ ಕೈಯಲ್ಲಿದೆ. 1908ರಲ್ಲಿ ಹುಟ್ಟಿದ ಆ ಹಳೆಯ ಸಂಸ್ಥೆ ಆಗ ಸುಖದ ಸ್ಥಿತಿಯಲ್ಲಿರಲಿಲ್ಲ. ಗ್ರೀಸ್ ದೇಶವೇ ಸಾಲದ ಬಿಕ್ಕಟ್ಟಿನಲ್ಲಿ ಮುಳುಗಿತ್ತು. ಹಲವು ದಶಕ ಸಂಸ್ಥೆಯನ್ನು ನಡೆಸಿದ ಮನೆತನ ಹಿಂದೆ ಸರಿದು, 2012ರಲ್ಲಿ ಅಭಿಮಾನಿಗಳೂ ಹಣ ಹಾಕಿ ಪಾಲುಗೊಳ್ಳುವ ಒಕ್ಕೂಟವೊಂದು ಅದನ್ನು ವಹಿಸಿಕೊಂಡಿತ್ತು. ಕೈ ಬಿಗಿಹಿಡಿದು ನಡೆಯಬೇಕಾದ ಆ ದಿನಗಳಲ್ಲಿ, 2014ರ ಏಪ್ರಿಲ್‌ನಲ್ಲಿ, ತಂಡ ಥೆಸಲೋನಿಕಿಯ ಪಾಓಕ್ ತಂಡವನ್ನು 4-1ರಿಂದ ಸೋಲಿಸಿ ಗ್ರೀಕ್ ಕಪ್ ಗೆದ್ದಿತು. ಮೂರು ಗೋಲು ಹೊಡೆದ ಸ್ವೀಡನ್ನಿನ ಮಾರ್ಕಸ್ ಬರ್ಗ್ ಅವರ ಹೆಸರು ಎಲ್ಲರ ನಾಲಗೆಯ ಮೇಲೆ. ನಿರ್ದೇಶಕರ ಹೆಸರು ಆ ದಿನ ಕೇಳಿಸುವುದಿಲ್ಲ. ತಂಡ ಸೋತ ದಿನ ಮಾತ್ರ ಅದು ಚೆನ್ನಾಗಿ ಕೇಳಿಸುತ್ತದೆ. ಆಗ ಆಕ್ರೋಶ ಪರೀಷಹವೂ ಪಟ್ಟಿಗೆ ಸೇರಿತೆಂದು ತಿಳಿಯಬೇಕು.

2018ರಲ್ಲಿ ಅವರು ಅದೇ ಹೊಣೆಗೆ ಮತ್ತೆ ಬಂದಾಗ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಬಾಕಿ ಉಳಿದ ಹಣದ ಕಾರಣ ಸಂಸ್ಥೆಗೆ ದಂಡ ಬಿದ್ದು, ಆ ವರ್ಷದ ಲೀಗನ್ನು ತಂಡ ಸೊನ್ನೆಯಿಂದಲ್ಲ, 6 ಅಂಕಗಳ ಕೊರತೆಯಿಂದ ಆರಂಭಿಸಬೇಕಾಯಿತು. ಸಾಲ ಯಾರ ಕಾಲದ್ದು ಎಂಬ ವಿಚಾರಣೆ ನಮಗೆ ಬೇಡ. ಸಂಸ್ಥೆಯ ತರಬೇತಿ ಶಾಲೆಯಲ್ಲೇ ಬೆಳೆದ ಇಪ್ಪತ್ತರ ಹರೆಯದ ಹುಡುಗರು ತಾವು ಮಾಡದ ಸಾಲವನ್ನು ಹೊತ್ತು ಅಂಗಳಕ್ಕೆ ಇಳಿದರು. ಕರ್ಮಸಿದ್ಧಾಂತದಲ್ಲಿ ಒಬ್ಬನ ಕರ್ಮ ಇನ್ನೊಬ್ಬನಿಗೆ ವರ್ಗವಾಗುವುದಿಲ್ಲ. ಅವನವನ ಬಂಧ ಅವನವನಿಗೆ. ಆದರೆ ಸಂಸ್ಥೆಗಳಲ್ಲಿ ಹಾಗಲ್ಲ. ಒಬ್ಬರು ಕುರ್ಚಿಯಲ್ಲಿ ಕುಳಿತು ಹಾಕಿದ ರುಜುವಿನ ಭಾರವನ್ನು, ಆಗ ಶಾಲೆಗೆ ಹೋಗುತ್ತಿದ್ದ ಮಗು ಮುಂದೊಂದು ದಿನ ಹೊರುತ್ತದೆ. ಆದ್ದರಿಂದಲೇ ಮಾಡಿಸುವವನ ಹೊಣೆ ಮಾಡುವವನದಕ್ಕಿಂತ ಕಡಿಮೆಯಲ್ಲ ಎಂದು ನನಗೆ ತೋರುತ್ತದೆ. ರಕ್ಷಕನ ತಪ್ಪು ಅಂದೇ ಫಲಕದ ಮೇಲೆ ಕಾಣುತ್ತದೆ. ನಿರ್ದೇಶಕನ ತಪ್ಪು ಐದು ವರ್ಷಗಳ ಮೇಲೆ, ಅವನು ಆ ಜಾಗದಲ್ಲಿ ಇಲ್ಲದಿರುವಾಗ ಕಾಣಬಹುದು.

ರಕ್ಷಣಾ ಆಟಗಾರರಾಗಿದ್ದವರು ಇಂಥ ಹುದ್ದೆಗೆ ಹೆಚ್ಚು ಒಪ್ಪುತ್ತಾರೆಯೇ ಎಂದು ಯೋಚಿಸಿದ್ದೇನೆ. ನಿಯಮವೇನೂ ಇರಲಾರದು. ಆದರೆ ಆಗದಂತೆ ನೋಡಿಕೊಳ್ಳುವುದೂ ಒಂದು ಕೆಲಸ, ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ ಎಂಬುದನ್ನು ಅಷ್ಟು ವರ್ಷ ಮೈಯಿಂದ ಕಲಿತವರಿಗೆ ಆಡಳಿತದ ಬೇಸರದ ಭಾಗ ಹೊಸದೆನಿಸದು. ಸಂಸ್ಥೆಗಳನ್ನು ಉಳಿಸುವುದು ಆ ಬೇಸರದ ಭಾಗವೇ.

ಇದನ್ನೆಲ್ಲ ಬರೆಯುತ್ತಿರುವಾಗ ನನ್ನದೇ ಒಂದು ಪ್ರಸಂಗವನ್ನು ಮುಚ್ಚಿಡುವುದು ಮಾಯಾಕಷಾಯವಾದೀತು. ಹಲವು ವರ್ಷಗಳ ಹಿಂದೆ ನಾನು ಒಂದು ಹಳೆಯ ಬಸದಿಯ ಆಡಳಿತ ಸಮಿತಿಯಲ್ಲಿದ್ದೆ. ಜೀರ್ಣೋದ್ಧಾರಕ್ಕೆಂದು ಒಂದಿಷ್ಟು ಹಣ ಕೂಡಿತ್ತು. ಗರ್ಭಗೃಹದ ಪಕ್ಕದ ಕೋಣೆಯ ಮಾಡು ಸೋರುತ್ತಿದ್ದುದು ಎಲ್ಲರಿಗೂ ತಿಳಿದಿತ್ತು. ಸಭೆಯಲ್ಲಿ ಹಿರಿಯರೊಬ್ಬರು ರಸ್ತೆಯ ಬದಿಗೆ ದ್ವಾರಗೋಪುರ ಕಟ್ಟಿಸೋಣ, ದಾನಿಗಳ ಹೆಸರು ಕೆತ್ತಿಸೋಣ, ಮಾಡು ಮುಂದಿನ ವರ್ಷ ಎಂದರು. ನನಗೆ ಅದು ಸರಿಯೆನಿಸಲಿಲ್ಲ. ಆದರೂ ಎದ್ದು ಹೇಳಲಿಲ್ಲ, ಎಲ್ಲರಂತೆ ತಲೆಯಾಡಿಸಿದೆ. ಮನೆಗೆ ಬಂದು, ನಿರ್ಣಯ ನನ್ನದಲ್ಲ, ಕಾಮಗಾರಿ ಮಾಡಿಸುತ್ತಿರುವವನೂ ನಾನಲ್ಲ ಎಂದುಕೊಂಡೆ. ಆ ಮಳೆಗಾಲ ಜೋರಾಗಿತ್ತು. ಕೋಣೆಯ ಪೆಟ್ಟಿಗೆಯಲ್ಲಿದ್ದ ತಾಳೆಗರಿಯ ಎರಡು ಕಟ್ಟುಗಳು ನೀರು ಕುಡಿದು ಅಂಟಿಕೊಂಡವು. ಬಿಡಿಸಲು ಹೋದಾಗ ಗರಿಗಳು ಪುಡಿಯಾದವು. ಅವುಗಳಲ್ಲಿ ಏನಿತ್ತೆಂದು ಯಾರೂ ಓದಿರಲಿಲ್ಲ.

ಉಳಿದ ಕಟ್ಟುಗಳು ಹೇಗೆ ಉಳಿದವು ಎಂಬುದು ಆಮೇಲೆ ತಿಳಿಯಿತು. ಬಸದಿಯ ಇಂದ್ರರು ಹಿಂದಿನ ಎಷ್ಟೋ ಮಳೆಗಾಲಗಳಲ್ಲಿ ರಾತ್ರಿ ಎದ್ದು ಬಂದು, ಸೋರುವ ಕಡೆಗೆ ಕೊಡಪಾನ ಇಟ್ಟು, ಪೆಟ್ಟಿಗೆಯನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸುತ್ತಿದ್ದರಂತೆ. ಆ ಒಂದು ವಾರ ಅವರು ಜ್ವರದಿಂದ ಮಲಗಿದ್ದರು. ದ್ವಾರಗೋಪುರದ ಕಲ್ಲಿನಲ್ಲಿ ಸಮಿತಿಯ ಸದಸ್ಯರ ಹೆಸರುಗಳಿವೆ, ಅವುಗಳಲ್ಲಿ ಏಳನೆಯದು ನನ್ನದು. ಇಂದ್ರರ ಹೆಸರು ಅಲ್ಲಿ ಇಲ್ಲ.